ಒಂದು ಹೊಟ್ಟೆಗೆ ಎರಡು ವೀಳ್ಯ

ಬೆಂಗಳೂರು, ಹೆರಿಗೆ ಆಸ್ಪತ್ರೆಯ ವರಾಂಡ
8–3–1960

ಬೈರಿ,

ಮಧ್ಯಾಹ್ನ ತಂತಿ ಕೊಟ್ಟೆ. ತಂತಿಯವರು ಪದ ಎಣಿಸಿ ಕಾಸು ಕೀಳುತ್ತಾರೆ, ಅದಕ್ಕೆ ‘ಮಗಳು ಆಸ್ಪತ್ರೆ ಕೂಡಲೆ ಬಾ’ ಎಂಬಲ್ಲಿಗೇ ನಿಲ್ಲಿಸಿದೆ. ಈ ಕಾಗದ ನಿನ್ನ ಮನೆ ಮುಟ್ಟುವ ಹೊತ್ತಿಗೆ ನೀನು ರೈಲಿನಲ್ಲಿರುತ್ತೀಯ. ಆದರೂ ಬರೆಯುತ್ತಿದ್ದೇನೆ.

ಈ ಒಂದು ಹೆರಿಗೆಗೆ ಇದುವರೆಗೆ ಏನೇನು ಖರ್ಚಾಯಿತು ಎಂದು ಇಲ್ಲಿ ಕೂತು ಕೂಡಿದೆ. ರೂಪಾಯಿ ಮಾತು ಬಿಡು, ಅದು ಎಮ್ಮೆ ಕರೆದರೆ ಮತ್ತೆ ಬರುತ್ತದೆ. ಸೂಲಗಿತ್ತಿ ಸೊಣ್ಣಮ್ಮನಿಗೆ ಕೊಟ್ಟ ವೀಳ್ಯ ಎರಡು. ಒಂದು ನನ್ನದು. ಇನ್ನೊಂದು ಯಾರದು ಎಂದು ಇವತ್ತು ಬೆಳಗ್ಗೆ ಅವಳ ಮನೆಯಲ್ಲಿ ಕಣ್ಣಾರೆ ಕಂಡೆ. ಅದೇ ಸೊಣ್ಣಮ್ಮನಿಗೆ ದೊಡ್ಡಬಳ್ಳಾಪುರದ ಸೀರೆ ಒಂದು, ಮಡಿಕೆ ಬಿಚ್ಚಿಲ್ಲ. ಲೇಡಿ ಡಾಕ್ಟರ ಮುಂದೆ ಬೆಂಚಿನ ಮೇಲೆ ಕಳೆದ ಮಧ್ಯಾಹ್ನ ಒಂದು. ಅವರು ಕೊಟ್ಟ ಗಾಜಿನ ಸೀಸೆ ಒಂದು, ತುಂಬಿಸಲೇ ಇಲ್ಲ. ಭದ್ರಾವತಿಯಿಂದ ಬಂದ ಬಾಣಂತಿ ಖಾರದ ಡಬ್ಬ ಒಂದು, ಕಟ್ಟು ಬಿಚ್ಚಿಲ್ಲ. ಕತ್ತರಿಸಿದ ಕಾಲುಂಗುರ ಒಂದು ಜೊತೆ. ಒಡಹುಟ್ಟಿದವರು ಬೀದಿಯವರ ಹಾಗೆ ‘ನೀವು, ತಾವು’ ಎಂದು ಬರೆದುಕೊಂಡ ಕಾಗದ ಎರಡು.

ಮುನಿಲಕ್ಷ್ಮಿಗೆ ತಲೆನೋವು ಎಂಬ ಸಂಗತಿ ನಿನ್ನ ಹತ್ತಿರ ಇತ್ತಂತೆ. ಕಾಲು ಊದಿತ್ತು ಎಂಬ ಸಂಗತಿ ನನ್ನ ಹತ್ತಿರ ಇತ್ತು. ಡಾಕ್ಟರು ಹೊರಗೆ ಬಂದು, “ಊತಾನೂ ಇತ್ತು, ತಲೆನೋವೂ ಇತ್ತು, ಎರಡೂ ಒಟ್ಟಿಗೆ ಯಾರಿಗೂ ಗೊತ್ತಿರಲಿಲ್ವಾ?” ಎಂದು ಕೇಳಿದರು. ಬೀಗಿತಿ ಮುನಿವೆಂಕಟಮ್ಮ ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ.

ಬೆಳಗ್ಗೆಯಿಂದ ಅವಳಿಗೆ ಸೆಳವು ಬರುತ್ತಿದೆ. ಕಣ್ಣು ಬಿಟ್ಟಿಲ್ಲ. ಮಗು ಇನ್ನೂ ಹೊಟ್ಟೆಯಲ್ಲೇ ಇದೆ. ಇಬ್ಬರಲ್ಲಿ ಒಬ್ಬರನ್ನಾದರೂ ಉಳಿಸುತ್ತೇವೆ ಎಂದು ಹೇಳಿ ಒಳಗೆ ಹೋಗಿದ್ದಾರೆ. ಇಂಥ ವ್ಯಾಪಾರ ನಾನು ಜನ್ಮದಲ್ಲಿ ಮಾಡಿಲ್ಲ.

ನವೆಂಬರಿನಲ್ಲಿ ನಿನಗೆ ಬರೆದ ಕಾಗದ ಅಕ್ಷರ ಬಿಡದೆ ನೆನಪಿಗೆ ಬರುತ್ತಿದೆ. ಕೂಡುವುದು ತಪ್ಪಿದ್ದು ಅಲ್ಲಿಂದಲೇ.

ಅಕ್ಕಯಮ್ಮ

*

ಬೈರಸಂದ್ರ, ಬೆಂಗಳೂರು
12–11–1959

ಚಿರಂಜೀವಿ ತಂಗಿ ಬೈರಿಗೆ,

ಎಮ್ಮೆಗಳು, ಬಾಡಿಗೆದಾರರು, ನನ್ನ ಮಂಡಿನೋವು, ಎಲ್ಲವೂ ನೀನು ಬಿಟ್ಟು ಹೋದ ಹಾಗೆಯೇ ಇವೆ. ನಿನ್ನ ಯಜಮಾನರ ಕೆಮ್ಮು ಹೇಗಿದೆ ಬರೆ.

ನಮ್ಮ ಮುನಿಲಕ್ಷ್ಮಿಗೆ ಐದು ತಿಂಗಳು. ನಿನಗೆ ಇದು ಹಳೇ ಸುದ್ದಿ ಎಂದು ಕೇಳಿದೆ. ಮೂರರಲ್ಲೇ ನಿನಗೆ ಬರೆದಳಂತೆ. ನನಗೆ ಹೇಳಿದ್ದು ಅವಳ ಅತ್ತೆ ಮುನಿವೆಂಕಟಮ್ಮ, ಅದೂ ಬನಶಂಕರಿ ಗುಡಿಯಲ್ಲಿ ನಿಂಬೆಹಣ್ಣಿನ ದೀಪ ಹಚ್ಚುತ್ತಾ, “ನಿಮಗೆ ಗೊತ್ತೇ ಇರ್ತದಲ್ಲ ಅಕ್ಕಯಮ್ಮ” ಎಂದು. ನಾನು ಗೊತ್ತಿದ್ದವಳ ಹಾಗೆ ಮುಖ ಮಾಡಿದೆ. ಅವಳ ಅತ್ತೆಮನೆ ತಲಘಟ್ಟಪುರದಿಂದ ನನ್ನ ಮನೆಗೆ ಒಂದು ಬಸ್ಸು. ನಿನ್ನ ಮನೆಗೆ ಇಡೀ ರಾತ್ರಿ ರೈಲು, ಬೀರೂರಿನಲ್ಲಿ ಇಳಿದು ಹತ್ತಬೇಕು. ಸುದ್ದಿ ಮಾತ್ರ ರೈಲಿನಲ್ಲೇ ಮೊದಲು ಹೋಯಿತು ನೋಡು.

ಇರಲಿ. ಅವಳಪ್ಪ ಸತ್ತಾಗ ನನ್ನ ಹತ್ತಿರ ಇದ್ದದ್ದು ಒಂದು ಎಮ್ಮೆ, ನಾಲ್ಕು ವರ್ಷದ ಈ ಹುಡುಗಿ. ಎಮ್ಮೆ ನನ್ನ ಹತ್ತಿರ ಉಳಿಯಿತು, ಹುಡುಗಿ ನಿನ್ನ ಹತ್ತಿರ ಬೆಳೆದಳು. ಹನ್ನೆರಡು ವರ್ಷ ನೀನು ಸಾಕಿದ್ದೀಯ, ಇಲ್ಲ ಅನ್ನುವುದಿಲ್ಲ. ಮುನಿಲಕ್ಷ್ಮಮ್ಮ ಎಂದು ನಾವಿಟ್ಟ ಹೆಸರನ್ನು ಸ್ಕೂಲಿನಲ್ಲಿ ಜಯಾ ಎಂದು ಬರೆಸಿದೆ, ಅದಕ್ಕೂ ನಾನು ಏನೂ ಅನ್ನಲಿಲ್ಲ. ಈಗ ನನಗೆ ಜಯನಗರದ ಮೂರು ಬ್ಲಾಕಿಗೆ ದಿನಾ ಹಾಲು ಹಾಕುವ ವರ್ತನೆ ಇದೆ, ಬಾಡಿಗೆಗೆ ಕೊಟ್ಟ ವಠಾರ ಇದೆ. ಚೊಚ್ಚಲ ಬಾಣಂತನ ತಾಯಿ ಮನೆಯಲ್ಲಿ ನಡೆಯಲೇಬೇಕು. ಏಳನೇ ತಿಂಗಳಿಗೆ ಕರೆತರುತ್ತೇನೆ. ಸೂಲಗಿತ್ತಿ ಸೊಣ್ಣಮ್ಮ ಇನ್ನೂ ಗಟ್ಟಿಯಾಗಿದ್ದಾಳೆ. ಮುನಿಲಕ್ಷ್ಮಿಯನ್ನು ಈ ಲೋಕಕ್ಕೆ ಎಳೆದವಳೂ ಅವಳೇ. ನಿನಗೆ ತಿಳಿದಿರಲಿ ಎಂದು ಬರೆದೆ. ಕೇಳಲು ಬರೆದದ್ದಲ್ಲ.

ಅಕ್ಕ

*

ಭದ್ರಾವತಿ, ಕಾರ್ಖಾನೆ ಕ್ವಾರ್ಟರ್ಸ್
20–11–1959

ಅಕ್ಕನಿಗೆ ಬೈರಮ್ಮನ ನಮಸ್ಕಾರ.

ಇವರ ಕೆಮ್ಮು ಕಡಿಮೆಯಾಗಿದೆ. ನಿನ್ನ ಕಾಗದವನ್ನು ಇಬ್ಬರೂ ಓದಿ ನಕ್ಕೆವು, ಆಮೇಲೆ ನನಗೆ ನಿದ್ದೆ ಬರಲಿಲ್ಲ.

ಕೋಪ ಮಾಡಿಕೊಳ್ಳಬೇಡ. ಜಯಾ ನನಗೆ ಮೊದಲು ಬರೆದದ್ದು ನಿನ್ನನ್ನು ಕಡೆಗಣಿಸಿ ಅಲ್ಲ. ಹನ್ನೆರಡು ವರ್ಷ ಹೊಟ್ಟೆ ನೋವು, ಹಲ್ಲು ನೋವು ಎಲ್ಲವನ್ನೂ ನನಗೇ ಹೇಳಿ ಅಭ್ಯಾಸ. ಅಭ್ಯಾಸ ಮದುವೆಯಾದ ತಕ್ಷಣ ಹೋಗುತ್ತದೆಯೇ? ನಿನ್ನನ್ನು ಅವ್ವ ಎನ್ನುತ್ತಾಳೆ, ನನ್ನನ್ನು ಭದ್ರಾವತಿ ಅಮ್ಮ ಎನ್ನುತ್ತಾಳೆ. ಚಿಕ್ಕಮ್ಮ ಎನ್ನು ಎಂದು ನಾನೇ ಎಷ್ಟು ಸಲ ತಿದ್ದಿದ್ದೇನೆ.

ಅವಳ ಆಸೆ ಇಲ್ಲಿಗೆ ಬರಬೇಕು ಎಂದು. ಅವಳೇ ಬರೆದಿದ್ದಾಳೆ, ನಾನು ಹೇಳಿಕೊಟ್ಟದ್ದಲ್ಲ. ಇಲ್ಲಿ ಆಸ್ಪತ್ರೆಯಲ್ಲಿ ಒಬ್ಬ ಲೇಡಿ ಡಾಕ್ಟರ್ ಇದ್ದಾರೆ. ತಿಂಗಳು ತಿಂಗಳು ಬಸುರಿಯರನ್ನು ತೂಕ ಹಾಕುತ್ತಾರೆ, ತೋಳಿಗೆ ಪಟ್ಟಿ ಕಟ್ಟಿ ರಕ್ತದ ಒತ್ತಡ ನೋಡುತ್ತಾರೆ. ನನಗೆ ಎರಡು ಸಲ ಆಗಿ ಹೋದದ್ದು ನಿನಗೆ ಗೊತ್ತು. ಆಗ ಇಲ್ಲಿ ಅವರಿರಲಿಲ್ಲ. ಇದ್ದಿದ್ದರೆ ನನ್ನ ಮನೆಯಲ್ಲೂ ಇಬ್ಬರು ಓಡಾಡುತ್ತಿದ್ದರೇನೋ. ನನಗಾದದ್ದು ಅವಳಿಗೆ ಆಗಬಾರದು. ಅಷ್ಟೇ ನನ್ನ ಮಾತು.

ಸೊಣ್ಣಮ್ಮನ ಮೇಲೆ ನನಗೆ ಅಗೌರವವಿಲ್ಲ. ಆದರೆ ಅವಳಿಗೆ ಕಣ್ಣು ಮಂಜು ಎಂದು ನೀನೇ ಹೋದ ವರ್ಷ ಬರೆದಿದ್ದೆ.

ಬೈರಮ್ಮ

*

ಬೈರಸಂದ್ರ
30–11–1959

ಬೈರಿ,

ಸೊಣ್ಣಮ್ಮನಿಗೆ ಮಂಜಾದದ್ದು ಕಣ್ಣು. ಅವಳು ಕೆಲಸ ಮಾಡುವುದು ಕೈಯಲ್ಲಿ.

ಎಮ್ಮೆ ಇಲ್ಲಿ ಈಯುವುದಕ್ಕೆ ಹುಲ್ಲು ಅಲ್ಲಿ ಹಾಕುವುದೇ? ನೀನು ಡಾಕ್ಟರು, ತಕ್ಕಡಿ, ಪಟ್ಟಿ ಎಂದೆಲ್ಲ ಬರೆದೆ. ಅದರ ಅಡಿಯಲ್ಲಿ ಇರುವುದು ಏನು ಎಂದು ನನಗೆ ಓದಲು ಬರುತ್ತದೆ. ನಾನು ಅಕ್ಷರ ಕಲಿತದ್ದು ಹಾಲಿನ ವರ್ತನೆಯ ಲೆಕ್ಕ ಬರೆಯಲು. ಗಿರಾಕಿ ಹೇಳುವುದು ಒಂದು, ಅವರ ಮನಸ್ಸಿನಲ್ಲಿರುವುದು ಒಂದು ಎಂಬುದು ಅದರ ಜೊತೆಗೇ ಬಂದ ವಿದ್ಯೆ. ಸಾಕಿದ್ದೂ ನೀನೇ ಆಗಬೇಕು, ಬಾಣಂತನದ ಹೆಸರೂ ನಿನ್ನದೇ ಆಗಬೇಕು. ಹಾಗಾದರೆ ನಾನು ಯಾರು? ಹೆತ್ತು ಕೊಟ್ಟ ಗುತ್ತಿಗೆಯವಳೇ?

ಹೋದ ಸೋಮವಾರ ಸೊಣ್ಣಮ್ಮನಿಗೆ ವೀಳ್ಯ ಕೊಟ್ಟು ಬಂದೆ. ಎಲೆ, ಅಡಿಕೆ, ಕೊಬ್ಬರಿ ಬಟ್ಟಲು, ಬೆಲ್ಲ, ಅರಿಸಿನ ಹಚ್ಚಿದ ರವಿಕೆ ಕಣ. ನಿನಗೆ ಮರೆತಿದ್ದರೆ ನೆನಪು ಮಾಡುತ್ತೇನೆ, ನಮ್ಮ ಊರ ಪದ್ಧತಿ ಇದು: ಸೂಲಗಿತ್ತಿಗೆ ವೀಳ್ಯ ಕೊಟ್ಟವಳ ಮಡಿಲಿಗೇ ಮಗು ಮೊದಲು ಬೀಳುವುದು. ತಾಯಿಗೂ ಆಮೇಲೆ. ನಮ್ಮಜ್ಜಿ ಕೊಟ್ಟಳು, ನೀನೂ ನಾನೂ ಅವಳ ಮಡಿಲಿಗೆ ಬಿದ್ದೆವು. ನಮ್ಮವ್ವ ಕೊಟ್ಟಳು, ಮುನಿಲಕ್ಷ್ಮಿ ಅವಳ ಮಡಿಲಿಗೆ. ಈಗ ನನ್ನ ಸರದಿ. ಈ ಮಡಿಲಿಗೆ ಹನ್ನೆರಡು ವರ್ಷ ಹಾಲಿನ ಕ್ಯಾನು ಬಿಟ್ಟು ಬೇರೇನೂ ಬಿದ್ದಿಲ್ಲ.

ಸೊಣ್ಣಮ್ಮನ ಮಗಳನ್ನು ತಲಘಟ್ಟಪುರಕ್ಕೇ ಕೊಟ್ಟಿದೆ. ವಾರಕ್ಕೊಮ್ಮೆ ಹೋಗುತ್ತಾಳೆ, ಹೋದಾಗ ಮುನಿಲಕ್ಷ್ಮಿಯ ಹೊಟ್ಟೆ ಮುಟ್ಟಿ ನೋಡಿ ಬರುತ್ತಾಳೆ. ಇನ್ನು ಡಾಕ್ಟರ ಮಾತು ಬೇಡ.

ಅಕ್ಕ

*

ಭದ್ರಾವತಿ
14–12–1959

ಅಕ್ಕ,

ಗುತ್ತಿಗೆ ಎಂಬ ಮಾತನ್ನು ಓದಿ ಎರಡು ದಿನ ಕಾಗದ ಮುಟ್ಟಲಿಲ್ಲ.

ಗೆದ್ದದ್ದು ನೀನೇ. ಅಷ್ಟು ದೂರ ರೈಲಿನಲ್ಲಿ ಕಳಿಸುವುದಿಲ್ಲ ಎಂದು ಅಳಿಯಂದಿರು ತಿಮ್ಮರಾಯಪ್ಪ ಬರೆದಿದ್ದಾರೆ. ‘ಭದ್ರಾವತಿ ಅತ್ತೆ ಬೇಜಾರು ಮಾಡ್ಕೋಬಾರದು’ ಎಂದು ಪಾಪ ಕೆಳಗೆ ಸೇರಿಸಿದ್ದಾರೆ. ನಾನು ಯಾಕೆ ಬೇಜಾರು ಮಾಡಿಕೊಳ್ಳಲಿ? ಬೇಜಾರು ಮಾಡಿಕೊಳ್ಳಲು ಒಂದು ಹಕ್ಕು ಬೇಕಲ್ಲ.

ಸೊಣ್ಣಮ್ಮನೇ ಆಗಲಿ. ನಾನೂ ಯೋಚನೆ ಮಾಡಿದೆ, ನಮ್ಮಿಬ್ಬರನ್ನೂ ಹಿಡಿದ ಕೈ ಅದು. ಆದರೆ ಒಂದು ಮಾತು ಕೇಳದೆ ಇರಲಾರೆ. ನಿನ್ನ ಹಾಲು ಕುಡಿಯುವ ಜಯನಗರದ ಹೆಂಗಸರು ಯಾರ ಹತ್ತಿರ ಹೆರುತ್ತಾರೆ? ಕೈಯಲ್ಲಿ ಕಾಸಿಲ್ಲದಿದ್ದಾಗ ಸೂಲಗಿತ್ತಿ ಸರಿ. ವಠಾರದ ಯಜಮಾನಿ ಇದ್ದ ಒಬ್ಬ ಮಗಳಿಗೆ ಡಾಕ್ಟರನ್ನು ತೋರಿಸಲಿಲ್ಲ ಎಂದರೆ ನೋಡಿದವರು ಏನೆಂದುಕೊಳ್ಳುತ್ತಾರೆ ಎಂಬುದು ನಿನಗೆ ಬಿಟ್ಟದ್ದು.

ಇವರ ಜೊತೆ ಕೆಲಸ ಮಾಡುವ ನಮ್ಮೂರ ಬೋರಣ್ಣ ಸಂಕ್ರಾಂತಿಗೆ ಊರಿಗೆ ಬರುತ್ತಾನೆ. ಅವನ ಕೈಯಲ್ಲಿ ಬಾಣಂತಿ ಖಾರದ ಡಬ್ಬ ಕಳಿಸುತ್ತೇನೆ. ಬೇರೇನೂ ಕಳಿಸುವುದಿಲ್ಲ.

ಬೈರಮ್ಮ

*

ಬೈರಸಂದ್ರ
18–1–1960

ಬೈರಿ,

ಖಾರದ ಡಬ್ಬ ಬಂತು. ಇಲ್ಲಿ ಮೆಣಸು, ಹಿಪ್ಪಲಿ ಸಿಕ್ಕುವುದಿಲ್ಲ ಎಂದುಕೊಂಡೆಯಾ? ಗೂಡಿನಲ್ಲಿ ಇಟ್ಟಿದ್ದೇನೆ.

ಸಂಕ್ರಾಂತಿ ಎಳ್ಳು ಬೆಲ್ಲ ಹಿಡಿದು ತಲಘಟ್ಟಪುರಕ್ಕೆ ಹೋಗಿದ್ದೆ. ಏಳನೇ ತಿಂಗಳು ನಡೆಯುತ್ತಿದೆ, ಕರೆತರೋಣ ಎಂದೇ ಹೋದದ್ದು. ಹುಡುಗಿ ಚಾಪೆ ಬಿಟ್ಟು ಏಳಲಿಲ್ಲ. “ಅವ್ವಾ, ನಾನು ನಿನ್ನ ಮನೆಗೂ ಬರಲ್ಲ, ಭದ್ರಾವತಿಗೂ ಹೋಗಲ್ಲ. ನಿಮ್ಮಿಬ್ರಿಗೂ ನಾನು ಬೇಕಾ, ಗೆಲ್ಲೋದು ಬೇಕಾ? ಇಬ್ರೂ ಒಂದು ಮಾತಾಗಿ ಬನ್ನಿ, ಆಗ ಎದ್ದು ಬರ್ತೀನಿ” ಎಂದಳು. ಮುನಿವೆಂಕಟಮ್ಮ ಒಲೆಯ ಮುಂದೆ ಕೂತು ಅವರೆಕಾಯಿ ಸುಲಿಯುತ್ತಾ, “ಇರ್ಲಿ ಬಿಡಿ ಅಕ್ಕಯಮ್ಮ, ನಮ್ಮನೇಲೂ ಸೂರಿದೆ” ಎಂದರು. ಬೆಳೆದ ಹುಡುಗಿಯ ಬಾಯಿಗೆ ಇಂಥ ಮಾತು ಎಲ್ಲಿಂದ ಬಂತು? ಅವಳಿಗೆ ಕಾಗದ ಬರೆಯುವವರು ಯಾರು ಎಂದು ನೋಡಿದರೆ ಉತ್ತರ ಸಿಕ್ಕುತ್ತದೆ. ಮೈ ಕೈ ತುಂಬಿಕೊಂಡಿದ್ದಾಳೆ. ಅಷ್ಟೇ ಹೇಳುತ್ತೇನೆ.

ಡಾಕ್ಟರ ವಿಷಯಕ್ಕೆ ಬಾ. ಜಯನಗರದಲ್ಲಿ ಕಾತ್ಯಾಯಿನಿ ಎಂಬ ಲೇಡಿ ಡಾಕ್ಟರು ಹೆರಿಗೆ ಮನೆ ತೆರೆದಿದ್ದಾರೆ. ನನ್ನದೇ ಹಾಲಿನ ಗಿರಾಕಿ. ಮಗಳಿಗೆ ಡಾಕ್ಟರನ್ನು ತೋರಿಸಲಿಲ್ಲ ಎಂದು ಭದ್ರಾವತಿಯಲ್ಲಿ ಮಾತಾಗಬಾರದಲ್ಲ, ಹೋದೆ. ಕುರ್ಚಿ ತೋರಿಸಿದರು, ನಾನು ಬೆಂಚಿನ ಮೇಲೇ ಕೂತೆ.

“ಹುಡುಗಿ ಎಲ್ಲಮ್ಮ?” ಎಂದರು.

“ತಲಘಟ್ಟಪುರದಲ್ಲಿ ಇದ್ದಾಳೆ ಮೇಡಂ.”

“ಮತ್ತೆ ನಿಮ್ಮನ್ನ ನೋಡಿ ನಾನೇನು ಮಾಡ್ಲಿ?”

“ನೋಡ್ಕೊಳ್ಳಿ ಮೇಡಂ, ನನ್ನ ಹಾಗೇ ಇದ್ದಾಳೆ. ಸ್ವಲ್ಪ ಬಣ್ಣ ಜಾಸ್ತಿ.”

ನಕ್ಕರು. ಆಮೇಲೆ ನಗು ನಿಲ್ಲಿಸಿ, “ಈ ವಾರವೇ ಕರ್ಕೊಂಡು ಬನ್ನಿ. ಬರೋಕಾಗದಿದ್ರೆ ಬೆಳಗಿನ ಮೊದಲ ಮೂತ್ರಾನಾದ್ರೂ ಇದರಲ್ಲಿ ಹಿಡಿದು ತನ್ನಿ” ಎಂದು ಒಂದು ಸೀಸೆ ಕೊಟ್ಟರು. ಆ ಸೀಸೆ ಕಂಡರೆ ನನಗೆ ಮೈ ಉರಿಯುತ್ತದೆ. ಕಾರ್ಪೊರೇಷನ್ನಿನವರು ಹಾಲಿಗೆ ನೀರು ಬೆರೆಸಿದ್ದೀಯಾ ಎಂದು ನಡುಬೀದಿಯಲ್ಲಿ ನಿಲ್ಲಿಸಿ ಇಂಥದೇ ಸೀಸೆಯಲ್ಲಿ ಹಿಡಿದುಕೊಂಡು ಹೋಗುತ್ತಿದ್ದರು. ಮಗಳನ್ನೂ ಹಾಗೆ ಪರೀಕ್ಷೆಗೆ ಒಪ್ಪಿಸುವುದೇ? ಸೀಸೆ ತಂದು ನಿನ್ನ ಡಬ್ಬದ ಪಕ್ಕ ಇಟ್ಟಿದ್ದೇನೆ. ಡಾಕ್ಟರನ್ನು ಕಂಡದ್ದಂತೂ ಆಯಿತು. ನಿನ್ನ ಬಾಯಿ ಮುಚ್ಚಿತು.

ಸೊಣ್ಣಮ್ಮ ಮಾತ್ರ ಯಾಕೋ ಮೊಂಡು ಹಿಡಿದಿದ್ದಾಳೆ. “ಮನೆಯವರೆಲ್ಲ ಒಂದು ಮಾತಾಗಿ ಬನ್ನಿ, ಆಮೇಲೆ ನೋಡಾನ” ಎಂದಳು. ಒಂದು ಮಾತು ಎಂದರೆ ಒಂದು ಸೀರೆ ಎಂದು ನನಗೆ ಗೊತ್ತಿಲ್ಲವೇ. ದೊಡ್ಡಬಳ್ಳಾಪುರದ್ದು ಕಳಿಸಿದೆ. “ಅಲ್ಲಿಟ್ಟಿರು” ಎಂದಳಂತೆ. ಸರಿಹೋಯಿತು.

ಅಕ್ಕ

*

ಭದ್ರಾವತಿ
2–2–1960

ಅಕ್ಕಯಮ್ಮನವರಿಗೆ,

ನಿಮ್ಮ ಕಾಗದ ತಲುಪಿತು.

ಬೋರಣ್ಣ ವಾಪಸ್ಸು ಬಂದ. ಸೊಣ್ಣಮ್ಮ ಅವನ ಕೈಯಲ್ಲಿ ನನಗೂ ಒಂದು ಮಾತು ಹೇಳಿಕಳಿಸಿದ್ದಾಳೆ: ಮನೆಯವರು ಒಂದು ಮಾತಾಗಿ ಬರಬೇಕಂತೆ. ಆ ಮುದುಕಿಯ ಬಾಯಿಗೆ ಮಾತು ಹಾಕಿದವರು ಯಾರು ಎಂದು ನನಗೆ ತಿಳಿಯದೆ ಇಲ್ಲ. ನಾನು ಸೊಣ್ಣಮ್ಮನಿಗೆ ಒಂದು ಎಲೆ ಅಡಿಕೆ ಕೊಡುವುದೂ ನಿಮಗೆ ಸಹಿಸದು ಎಂದಾದರೆ ನಾನು ಹೇಳುವುದು ಏನೂ ಉಳಿದಿಲ್ಲ.

ಜಯಾಗೆ ಕಾಗದ ಬರೆಯುವವರು ಯಾರು ಎಂದು ಕೇಳಿದ್ದೀರಿ. ನಾನೇ. ಅವಳೂ ನನಗೆ ಬರೆಯುತ್ತಾಳೆ, ವಾರ ವಾರವೂ ಬರೆಯುತ್ತಾಳೆ. ಮೈಯ ವಿಷಯ, ಮನಸ್ಸಿನ ವಿಷಯ. ತಾಯಿಗೆ ಹೇಳುವಂಥವು. ಅವನ್ನು ಇಲ್ಲಿ ಎತ್ತಿ ಬರೆಯುವುದಿಲ್ಲ. ಅವಳು ನಿಮಗೆ ಹೇಳಿಲ್ಲವೆಂದರೆ ಯಾಕೆ ಹೇಳಿಲ್ಲ ಎಂದು ನೀವೇ ಯೋಚಿಸಿ. ನಾನು ಹೇಳಬೇಕಾದ ಮದ್ದನ್ನು ಅವಳಿಗೆ ಹೇಳಿದ್ದೇನೆ. ಹೇಗೂ ಸೊಣ್ಣಮ್ಮ ವಾರಕ್ಕೊಮ್ಮೆ ಹೋಗಿ ನೋಡುತ್ತಿದ್ದಾಳಲ್ಲ.

ಇಂತು,
ಬೈರಮ್ಮ

*

ಬೈರಸಂದ್ರ
15–2–1960

ಬೈರಮ್ಮನವರಿಗೆ,

‘ನೀವು’ ಎಂದು ಬರೆಯುವುದು ನನಗೂ ಬರುತ್ತದೆ. ಕಲಿಸಿದ್ದಕ್ಕೆ ಉಪಕಾರವಾಯಿತು.

ಈಗ ಎಂಟು ತಿಂಗಳು. ಎಂಟರಲ್ಲಿ ಬಸುರಿಯನ್ನು ಸೀಮೆ ದಾಟಿಸುವ ಪದ್ಧತಿ ನಮ್ಮಲ್ಲಿ ಇಲ್ಲ. ಕಾರ್ಖಾನೆ ಊರಿನಲ್ಲಿ ಇದೆಯೋ ಏನೋ. ಒಂಬತ್ತು ಬೀಳುತ್ತಲೇ ಗಾಡಿ ಕಟ್ಟಿಸಿ ಕರೆತರುತ್ತೇನೆ. ಕಾತ್ಯಾಯಿನಿ ಡಾಕ್ಟರ ಹತ್ತಿರ ಆಗಲೇ ಕರೆದುಕೊಂಡು ಹೋಗುವುದು. ಅಲ್ಲಿಯವರೆಗೆ ವೀಳ್ಯ, ಸೀರೆ ಎರಡೂ ತೆಗೆದುಕೊಂಡ ಸೊಣ್ಣಮ್ಮ ನೋಡಿಕೊಳ್ಳುತ್ತಾಳೆ.

ಮೊನ್ನೆ ಹೋಗಿ ಬಂದೆ. ನಿಮಗೂ ತಿಳಿಸಬಹುದಾದ ಒಂದು ಸಂಗತಿ ಇತ್ತು. ತಿಳಿಸಿದರೆ ಮಾರನೇ ದಿನ ಪೆಟ್ಟಿಗೆ ಹಿಡಿದು ಮೆಜೆಸ್ಟಿಕ್ ಹತ್ತಿರ ಇಳಿಯುತ್ತೀರಿ ಎಂದು ಸುಮ್ಮನಾದೆ. ತಾಯಿಗೆ ಕಾಣುವಂಥವು ತಾಯಿಯ ಹತ್ತಿರವೇ ಇರಲಿ.

ಇಂತು,
ಅಕ್ಕಯಮ್ಮ

*

ಭದ್ರಾವತಿ
19–4–1960

ಅಕ್ಕ,

ಮನೆಗೆ ಬಂದು ಸೇರಿದೆ. ನೀನು ಆಸ್ಪತ್ರೆಯ ವರಾಂಡದಲ್ಲಿ ಕೂತು ಬರೆದ ಕಾಗದ ನನಗಿಂತ ಮೊದಲೇ ಬಂದು ಕೂತಿತ್ತು. ಇವರು ಒಡೆಯದೆ ದೇವರ ಗೂಡಿನಲ್ಲಿ ಇಟ್ಟಿದ್ದರು. ನಿನ್ನ ಜೊತೆ ಒಂದೇ ತಟ್ಟೆಯಲ್ಲಿ ಉಂಡು ತಿಂಗಳು ಕಳೆದು ಬಂದ ಮೇಲೆ ಅದನ್ನು ಓದಿದೆ. ಅಷ್ಟು ದಿನ ನಾನು ಮುಚ್ಚಿಟ್ಟ ತಲೆನೋವಿನ ಮಾತನ್ನು ನೀನು ಎತ್ತಲಿಲ್ಲ, ನೀನು ಮುಚ್ಚಿಟ್ಟ ಕಾಲುಂಗುರದ ಮಾತನ್ನು ನಾನು ಎತ್ತಲಿಲ್ಲ. ಬಾಣಂತಿಗೆ ನೀರು ಕಾಯಿಸುವುದರಲ್ಲಿ ಇಬ್ಬರೂ ಎಷ್ಟು ಪೈಪೋಟಿ ನಡೆಸಿದೆವು ಎಂದರೆ ಮುನಿವೆಂಕಟಮ್ಮ ಕೊನೆಗೆ, “ಹುಡುಗೀನ ಬೇಯಿಸ್ಬುಟ್ಟೀರಿ ಕಣ್ರಮ್ಮಾ!” ಎಂದು ಹಂಡೆಯನ್ನೇ ಎತ್ತಿಟ್ಟರಲ್ಲ.

ಈಗ ಬರೆಯುತ್ತೇನೆ. ಜನವರಿ ಕೊನೆಯಿಂದ ಅವಳು ನನಗೆ ತಲೆನೋವು ಎಂದು ಬರೆಯುತ್ತಿದ್ದಳು. ಆಮೇಲೆ ಕಣ್ಣ ಮುಂದೆ ಮಿಂಚುಹುಳ ಹಾರಿದ ಹಾಗಾಗುತ್ತದೆ ಎಂದು ಬರೆದಳು. ಹರಳೆಣ್ಣೆ ತಟ್ಟಿಕೋ, ಬಿಸಿಲಿಗೆ ಹೋಗಬೇಡ ಎಂದು ಬರೆದೆ. ಇಲ್ಲಿ ಆಸ್ಪತ್ರೆ ನನ್ನ ಮನೆಯಿಂದ ಕೂಗಳತೆ ದೂರ. ಆ ಡಾಕ್ಟರನ್ನು ಒಂದು ಮಾತು ಕೇಳಿದ್ದರೆ ಕಾಲು ಊದಿದೆಯಾ ಎಂದು ಕೇಳುತ್ತಿದ್ದರು. ಆಗ ನಿನ್ನನ್ನು ಕೇಳಬೇಕಾಗುತ್ತಿತ್ತು. ನಿನ್ನನ್ನು ಕೇಳುವುದು ಬೇಡವಾಗಿತ್ತು. ಅವಳ ನೋವು ನನ್ನೊಬ್ಬಳಿಗೇ ಗೊತ್ತು ಎಂಬುದು ಒಂದು ಒಡವೆಯ ಹಾಗೆ ಇತ್ತು ಅಕ್ಕ.

ಬೋರಣ್ಣನ ಕೈಯಲ್ಲಿ ಡಬ್ಬ ಮಾತ್ರ ಎಂದು ಬರೆದಿದ್ದೆ. ವೀಳ್ಯವನ್ನೂ ಕಳಿಸಿದ್ದೆ. ಮಗು ನನ್ನ ಮಡಿಲಿಗೆ ಬೀಳಲಿ ಎಂಬ ಆಸೆ, ಒಂದೇ ಒಂದು ಸಲ.

ಒಂದು ವಿಷಯ ಮಾತ್ರ ಮನಸ್ಸಿನಿಂದ ಹೋಗುತ್ತಿಲ್ಲ. ನಾನು ಬಂದು ಇಳಿದದ್ದು ಮಾರನೇ ದಿನ ಬೆಳಗ್ಗೆ. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಕಣ್ಣು ಬಿಟ್ಟಾಗ ಜಯಾ ಏನಾದರೂ ಅಂದಳಾ ಎಂದು ನಿನ್ನನ್ನು ಕೇಳಿದೆ. “ನೀರು ಕೇಳಿದ್ಲು” ಎಂದೆ ನೀನು. ಮುನಿವೆಂಕಟಮ್ಮನನ್ನು ಕೇಳಿದರೆ ನಕ್ಕು, “ನಿಮ್ಮಕ್ಕನ್ನೇ ಕೇಳಿ” ಎಂದರು. ಹಿಂದಿನ ದಿನ ಏನೇನಾಯಿತು ಎಂದು ನೀನು ಬಿಡಿಸಿ ಹೇಳಲೇ ಇಲ್ಲ.

ಬೈರಿ

*

ಬೈರಸಂದ್ರ
3–5–1960

ಬೈರಿ,

ಹೇಳುತ್ತೇನೆ.

ಆ ದಿನ ಹಾಲು ಹಾಕಿ ಬಂದು ಕ್ಯಾನು ತೊಳೆಯುತ್ತಿದ್ದೆ. ತಿಮ್ಮರಾಯಪ್ಪ ಸೈಕಲ್ಲಿನಲ್ಲಿ ಏದುಸಿರು ಬಿಡುತ್ತಾ ಬಂದ. “ಅತ್ತೆ, ಅವಳಿಗೆ ಕಣ್ಣು ಮೇಲಾಗಿ ಮೈಯೆಲ್ಲ ಸೆಟೆದುಕೊಂಡ್ತು, ನಮ್ಮವ್ವ ಲಾರೀಲಿ ಹಾಕ್ಕೊಂಡು ಆಸ್ಪತ್ರೆಗೆ ಹೋದ್ಲು” ಎಂದ. ನನ್ನ ಕಾಲು ಆಸ್ಪತ್ರೆಯ ಕಡೆಗೆ ಹೋಗಬೇಕಿತ್ತು. ಸೊಣ್ಣಮ್ಮನ ಮನೆಗೆ ಹೋಯಿತು. ಅವಳ ಜುಟ್ಟು ಹಿಡಿದು ಎಳೆದುಕೊಂಡೇ ಹೋಗಬೇಕು ಎಂಬಷ್ಟು ಕೋಪ.

“ವಾರ ವಾರ ಹೋಗಿ ಏನ್ ನೋಡ್ದೆ ನೀನು?” ಎಂದೆ.

“ನಾನ್ಯಾವಾಗ ಹೋದೆ? ಸಂಕ್ರಾಂತಿಯಿಂದೀಚೆ ಆ ಹೊಸ್ಲು ತುಳಿದಿಲ್ಲ” ಎಂದಳು. ಎದ್ದು ಹೋಗಿ ಅಟ್ಟಣೆಯಿಂದ ಎರಡು ಗಂಟು ತಂದು ನನ್ನ ಮುಂದೆ ಇಟ್ಟಳು. ಒಂದು ನನ್ನ ಹಳದಿ ಕಣ. ಇನ್ನೊಂದು ಹಸಿರು, ನಿನ್ನ ಮದುವೆ ಸೀರೆಗೆ ನಾನೇ ಕೊಡಿಸಿದ್ದ ಕಣ, ಕಂಡ ಕೂಡಲೇ ಗುರುತು ಸಿಕ್ಕಿತು. ಎರಡರ ಎಲೆಯೂ ಒಣಗಿ ಪುಡಿಯಾಗಿತ್ತು. ಮೇಲೆ ನನ್ನ ಸೀರೆ.

“ಒಂದು ಹೊಟ್ಟೆಗೆ ಎರಡು ವೀಳ್ಯ ಬಂದ್ರೆ ನಾನ್ ಯಾರ್ ಮಡ್ಲಿಗೆ ಹಾಕ್ಲಿ ಕೂಸ್ನ? ಎರಡಿಟ್ಕಂಡು ಹೊಸ್ಲು ದಾಟುದ್ರೆ ಆ ಹೊಟ್ಟೆಗೆ ಒಳ್ಳೇದಲ್ಲ ಅಂತ ನಮ್ಮತ್ತೆ ಕಾಲದಿಂದ್ಲೂ ಐತೆ. ಕೊಟ್ಟೋಳ ಗುಟ್ಟು ನಾನ್ ಬಿಡಂಗಿಲ್ಲ. ಒಂದ್ ಮಾತಾಗಿ ಬನ್ನಿ ಅಂತ ಇಬ್ರಿಗೂ ಹೇಳ್ಕಳ್ಸುದೆ. ನಿನ್ ತಂಗಿ ಮುನಿಸ್ಕೊಂಡ್ಲು. ನೀನು ಸೀರೆ ಕಳ್ಸುದೆ” ಎಂದಳು.

ವೀಳ್ಯ ಕೊಟ್ಟಿದ್ದೇನೆಂದು ನಾನು, ಕಳಿಸಿದ್ದೇನೆಂದು ನೀನು, ನೋಡುವವಳು ಇದ್ದಾಳೆ ಎಂದುಕೊಂಡು ಇಬ್ಬರೂ ನೆಮ್ಮದಿಯಾಗಿದ್ದೆವು. ನೋಡುವವಳು ತನ್ನ ಮನೆಯ ಒಲೆಯ ಮುಂದೆ ಕೂತಿದ್ದಳು.

ಆಸ್ಪತ್ರೆಗೆ ಹೋದರೆ ಮುನಿವೆಂಕಟಮ್ಮನ ಸೆರಗಿನ ತುಂಬ ಹುಲ್ಲು. ಬೆಳಗ್ಗೆ ಕಲ್ಲು ಚಪ್ಪಡಿ ಸಾಗಿಸುವ ಲಾರಿಯನ್ನು ರಸ್ತೆಗೆ ಅಡ್ಡ ನಿಂತು ತಡೆದು, ಹುಲ್ಲು ಹರಡಿ, ಹುಡುಗಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದರು. “ಎಂಟನೇ ತಿಂಗಳಲ್ಲಿ ಸೀಮೆ ದಾಟಿಸ್ಬಿಟ್ರಾ” ಎಂಬ ಮಾತು ನನ್ನ ಬಾಯಿಗೆ ಬಂತು, ನೋಡು ನನ್ನ ಬಾಯಿ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. “ನೀವಿಬ್ರೂ ಕಾಗ್ದದಲ್ಲೇ ಹೆರಿಗೆ ಮಾಡಿಸ್ತಿದ್ರಿ ಅಕ್ಕಯಮ್ಮ. ನನಗೆ ಓದೋಕೆ ಬರಲ್ಲ, ಅದಕ್ಕೆ ಲಾರಿ ಹತ್ತಿಸ್ದೆ” ಎಂದರು.

ಸೊಸೆ ವಾರ ವಾರ ಭದ್ರಾವತಿಗೆ ಬರೆಯುತ್ತಿದ್ದ ಕಾಗದವನ್ನು ಟಪಾಲು ಡಬ್ಬಿಗೆ ಹಾಕುತ್ತಿದ್ದದ್ದು ತಾನೇ, ಅದರಲ್ಲಿದ್ದದ್ದು ತಲೆನೋವಿನ ಸಂಗತಿ ಎಂದು ಅವಳು ಬಾಯಿಬಿಟ್ಟದ್ದು ಆ ಬೆಳಗ್ಗೆ ಸೆಳವು ಬರುವ ಮೊದಲು ಎಂದೂ ಆಗಲೇ ಹೇಳಿದರು. ನನ್ನ ಹತ್ತಿರ ಇದ್ದದ್ದನ್ನೂ ಈಗ ಹೇಳಿಬಿಡುತ್ತೇನೆ. ಫೆಬ್ರವರಿಯಲ್ಲಿ ಹೋದಾಗ ಅವಳ ಕಾಲುಂಗುರ ಮಾಂಸದೊಳಗೆ ಹೂತುಹೋಗಿತ್ತು. ಸೀಗೆ ನೊರೆ ಹಚ್ಚಿದೆ, ಎಣ್ಣೆ ಹಚ್ಚಿದೆ, ಬರಲಿಲ್ಲ. ಅಕ್ಕಸಾಲಿಯನ್ನು ಕರೆಸಿ ಕತ್ತರಿಸಿದೆವು. ಮುತ್ತೈದೆಯ ಕಾಲುಂಗುರ ಕತ್ತರಿಸುವಾಗ ಅಪಶಕುನ ಎನಿಸಿತು, ಆದರೂ ಹೊರಗೆ, “ಮೈ ತುಂಬ್ಕೊಂಡಿದ್ದಾಳೆ, ಗಂಡು ಮಗುವೇ” ಎಂದೆ. ಭದ್ರಾವತಿಯ ಡಾಕ್ಟರ ಕಿವಿಗೆ ಬಿದ್ದರೆ ಹುಡುಗಿ ರೈಲು ಹತ್ತುತ್ತಾಳೆ ಎಂಬ ಹೆದರಿಕೆ, ಬೈರಿ. ಅವಳಿಗೆ ಏನಾಗುತ್ತದೋ ಎಂಬ ಹೆದರಿಕೆಗಿಂತ ಅದೇ ದೊಡ್ಡದಾಗಿತ್ತು.

ನಿನಗೆ ಬರೆದ ಕಾಗದವನ್ನು ಡಬ್ಬಿಗೆ ಹಾಕಿ ಬರುವಷ್ಟರಲ್ಲಿ ಒಳಗಿನಿಂದ ಒಂದು ಕೀರಲು ದನಿ ಬಂತು. ಬೆಕ್ಕಿನ ಮರಿ ಎಂದುಕೊಂಡೆ. ಚೂಡಾಮಣಿ ಎಂಬ ನರ್ಸು ಹತ್ತಿಯಲ್ಲಿ ಸುತ್ತಿದ ಅಂಗೈಯಗಲದ ಮಗುವನ್ನು ಹಿಡಿದು ಬಾಗಿಲಿಗೆ ಬಂದು, “ಮನೆಯವರು ಯಾರು?” ಎಂದಳು. ನಾನು ಎದ್ದೆ. ಸೆರಗನ್ನೂ ಒಡ್ಡಿದೆ. ಆದರೆ ನರ್ಸು, “ಬೆಳಗ್ಗೆ ಕರ್ಕೊಂಡು ಬಂದೋರು ಯಾರೋ ಅವರು ಬನ್ನಿ” ಎಂದು ಹುಲ್ಲು ಅಂಟಿದ ಸೆರಗಿಗೆ ಹಾಕಿದಳು. ವೀಳ್ಯವೂ ಇಲ್ಲ, ಸೀರೆಯೂ ಇಲ್ಲ. ನನಗೆ ಹೊಟ್ಟೆ ಉರಿಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಉರಿಯಿತು. ಆಮೇಲೆ ಆ ಮಗು ಆಕಳಿಸಿತು, ಇಷ್ಟೇ ಇಷ್ಟು ಬಾಯಿ. ಉರಿ ಎಲ್ಲಿ ಹೋಯಿತೋ.

ಸಂಜೆ ಹುಡುಗಿ ಕಣ್ಣು ಬಿಟ್ಟಳು. ನಾನು ಅವಳ ಕೈ ಹಿಡಿದುಕೊಂಡು ಹತ್ತಿರವೇ ಕೂತಿದ್ದೆ. ನೋಡಿದಳು, ನನ್ನನ್ನೇ ನೋಡಿದಳು. ನೀರು ಕೇಳಿದ್ದು ನಿಜ, ಆದರೆ ಅದು ಎರಡನೇ ಮಾತು. ಮೊದಲನೇ ಮಾತು ಇದು: “ಭದ್ರಾವತಿ ಅಮ್ಮ ಬಂದ್ಲಾ?”

ನಾನು ಬಂದಳು ಎಂದೆ. ನೀನು ಆಗ ಬೀರೂರನ್ನೂ ಮುಟ್ಟಿರಲಿಲ್ಲ.

ಈ ಮಾತನ್ನು ನಿನಗೆ ತಲುಪಿಸದೆ ಇಷ್ಟು ದಿನ ನನ್ನ ಹತ್ತಿರವೇ ಇಟ್ಟುಕೊಂಡೆ. ನೀನು ನಮ್ಮ ಮನೆಯಲ್ಲಿ ಇದ್ದ ತಿಂಗಳು ಪೂರ್ತಿ ನಾಲಿಗೆಯ ತುದಿಯಲ್ಲೇ ಇತ್ತು. ನೀನು ಹಂಡೆ ಕಾಯಿಸಿದಾಗೆಲ್ಲ ಒಳಗೆ ನುಂಗಿದೆ. ತಲೆನೋವು, ಊತ ಹಂಚಿಕೊಳ್ಳದೆ ಆದದ್ದನ್ನು ಕಂಡ ಮೇಲೂ ನುಂಗಿದೆ. ಇನ್ನು ಇಟ್ಟುಕೊಂಡರೆ ನಾನು ಮನುಷ್ಯಳಲ್ಲ.

ನಿನ್ನೆ ಸೊಣ್ಣಮ್ಮನ ಮನೆಗೆ ಹೋಗಿದ್ದೆ. ಎರಡು ಗಂಟನ್ನೂ ಬಿಚ್ಚಿ ಒಂದೇ ಬಟ್ಟೆಗೆ ಸುರಿದು, ಗಂಟು ಹಾಕಿ ಮತ್ತೆ ಅವಳ ಕೈಗೆ ಕೊಟ್ಟೆ. “ಯಾತಕ್ಕೆ? ಆಯ್ತಲ್ಲ ಹೆರಿಗೆ” ಎಂದಳು. “ಬಾಣಂತಿಗೆ ಎಣ್ಣೆ ನೀರಿಗೆ ಬಾ, ಇಬ್ರ ಮಾತೂ ಒಂದೇ” ಎಂದೆ. ನಿನ್ನನ್ನು ಕೇಳದೆ ಹೇಳಿದೆ. ತಪ್ಪಾಗಿದ್ದರೆ ಬರೆ.

ಈಗ ಯಾರಿಗೆ ಏನು ಸಿಕ್ಕಿತು ಎಂದು ಕೂಡಿ ಮುಗಿಸುತ್ತೇನೆ.

ಮುನಿವೆಂಕಟಮ್ಮನಿಗೆ ಮೊದಲ ಮಡಿಲು.

ನರ್ಸಿಗೆ ಹೆಸರು. ಮಗುವನ್ನು ಚೂಡಾಮಣಿ ಎಂದೇ ಕರೆಯಬೇಕು ಎಂದು ಹುಡುಗಿ ಹಟ ಹಿಡಿದಿದ್ದಾಳೆ. ನಿನ್ನ ಹೆಸರೂ ಬೇಡ, ನನ್ನ ಹೆಸರೂ ಬೇಡ ಎಂದಳು, ಬುದ್ಧಿವಂತೆ.

ಸೊಣ್ಣಮ್ಮನಿಗೆ ಸೀರೆ. ಮಡಿಕೆ ಬಿಚ್ಚಿದ್ದಾಳೆ.

ಕಾತ್ಯಾಯಿನಿ ಡಾಕ್ಟರಿಗೆ ನನ್ನ ವಠಾರದ ಇಬ್ಬರು ಬಸುರಿಯರು. ಸೀಸೆಯನ್ನು ಒಬ್ಬಳ ಕೈಗೆ ನಾನೇ ಕೊಟ್ಟು ಕಳಿಸಿದೆ, ತುಂಬಿಸಿಕೊಂಡೇ ಹೋದಳು.

ತಿಮ್ಮರಾಯಪ್ಪನಿಗೆ ಹೆಂಡತಿ, ಮಗಳು.

ನಿನಗೆ ಅವಳು ಕಣ್ಣು ಬಿಟ್ಟಾಗಿನ ಮೊದಲ ಮಾತು.

ನನಗೆ ಕತ್ತರಿಸಿದ ಕಾಲುಂಗುರ ಒಂದು ಜೊತೆ. ಅಕ್ಕಸಾಲಿ ಕರಗಿಸಿ ಮಗುವಿಗೆ ಕಾಲ್ಗೆಜ್ಜೆ ಮಾಡಿಕೊಡುತ್ತೇನೆ ಎಂದ. ಬೇಡ ಎಂದೆ.

ಜಯಾ ಚೆನ್ನಾಗಿದ್ದಾಳೆ.

ಅಕ್ಕ